ಡುನ್ನೆಯ ಮೂವತ್ತು ಪೆನ್ನಿ

ಡುನ್ನೆ ತೀರಿಕೊಂಡು ಈ ಸಂತ ಮಾರ್ಟಿನನ ಹಬ್ಬಕ್ಕೆ ಒಂದು ವರ್ಷವಾಯಿತು. ಮಣ್ಣು ಮಾಡುವಾಗ ಪಾದ್ರಿ ಅವಳ ಬಗ್ಗೆ ಹೇಳಿದ್ದು ಎರಡೇ ಮಾತು: ವಿಧವೆ, ಉಪ್ಪು ಕಾಯಿಸುತ್ತಿದ್ದಳು. ಅಷ್ಟು ಹೇಳಿ, ಚಳಿ ಎಂದು ಕೈ ಉಜ್ಜಿಕೊಳ್ಳುತ್ತ ಒಳಗೆ ಹೋಗಿಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವಳ ಮುಂದೆ ಜಗಳ ಬೇಡವೆಂದು ಆವತ್ತು ಸುಮ್ಮನಿದ್ದೆ. ಆದರೆ ಎರಡು ಮಾತಿನಲ್ಲಿ ಮುಗಿದುಹೋಗುವ ಹೆಂಗಸಲ್ಲ ಅವಳು.

ನಾನು ವುಲ್ವಿನ್. ನದಿ ಸಮುದ್ರಕ್ಕೆ ಸೇರುವ ಕಡೆ, ದೋಣಿಕಟ್ಟೆಯ ಪಕ್ಕ, ಬಾರ್ಲಿಯ ಹೆಂಡ ಮಾಡಿ ಮಾರುವವಳು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಹೆಂಡ ಮಾರುವವಳಿಗೆ ಬಾಯಿ ಇಲ್ಲದಿದ್ದರೆ ಗಂಡಸರು ಕುಡಿದು ಹಾಗೇ ಎದ್ದು ಹೋಗುತ್ತಾರೆ. ನನ್ನ ಗಂಡ ಸೇಬರ್ಟ್ ಅಂಬಿಗ, ನದಿಯೊಳಗಿನ ಒಂದೊಂದು ಮರಳುದಿಬ್ಬವೂ ಅವನಿಗೆ ಗೊತ್ತು. ಅದೇ ನಮಗೆ ಮುಳುವಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಡುನ್ನೆ ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳ ಗುಡಿಸಲು ಜವುಗಿನ ಅಂಚಿನಲ್ಲಿ, ನಮ್ಮ ಹಿತ್ತಿಲಿನಿಂದ ಕೂಗಿದರೆ ಓಗೊಡುವಷ್ಟು ದೂರದಲ್ಲಿತ್ತು. ಬೇಸಿಗೆಯಲ್ಲಿ ಸಮುದ್ರ ಬಿಟ್ಟುಹೋದ ಉಪ್ಪುಮಣ್ಣನ್ನು ಕೆರೆದು ತಂದು, ಹುಲ್ಲಿನ ಮೇಲೆ ಹರಡಿ, ನೀರು ಹೊಯ್ದು ಬಸಿಯುವುದು ಅವಳ ಕೆಲಸ. ಆ ಬಸಿನೀರನ್ನು ಸೀಸದ ಅಗಲ ಬಾನಿಯಲ್ಲಿ ಕಾಯಿಸುವುದು. ನೀರು ಹದಕ್ಕೆ ಬಂತೋ ಇಲ್ಲವೋ ತಿಳಿಯಲು ಒಂದು ಕೋಳಿಮೊಟ್ಟೆ ಬಿಡುತ್ತಿದ್ದಳು. ತೇಲಿದರೆ ಒಲೆ ಹಚ್ಚಬೇಕು, ಮುಳುಗಿದರೆ ಇನ್ನೊಮ್ಮೆ ಬಸಿಯಬೇಕು. ಸಂಜೆ ಅದೇ ಮೊಟ್ಟೆಯನ್ನು ಬೇಯಿಸಿ ತಿನ್ನುತ್ತ, ಉಪ್ಪು ಹಾಕುವ ಕೆಲಸ ತಪ್ಪಿತು ನೋಡು ಎಂದು ನಗುತ್ತಿದ್ದಳು. ವರ್ಷಕ್ಕೆ ನೂರು ಸಲ ಅದೇ ಮಾತು ಹೇಳುತ್ತಿದ್ದಳು, ನೂರು ಸಲವೂ ನಗುತ್ತಿದ್ದಳು.

ಅವಳ ಗಂಡ ಓರ್ಡ್ಲಾಫ್‌ನನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಅಗಲ ಕಿವಿ, ಕಡಿಮೆ ಮಾತು. ಮದುವೆಯ ಮರುದಿನ ಬೆಳಿಗ್ಗೆ ಗಂಡನಾದವನು ಹೆಂಡತಿಗೆ ಉಡುಗೊರೆ ಕೊಡಬೇಕಲ್ಲ, ಉಳ್ಳವರು ಹೊಲ ಕೊಡುತ್ತಾರೆ. ನನ್ನವನು ಒಂದು ಮೇಕೆ ಕೊಟ್ಟ, ಅದೂ ಕುಂಟು. ಏನೇ ಕೊಡಲಿ, ಅದು ಹೆಣ್ಣಿನ ಸ್ವತ್ತು, ಕೊಟ್ಟ ಗಂಡನೂ ಹಿಂದಕ್ಕೆ ಕೇಳುವಂತಿಲ್ಲ. ಓರ್ಡ್ಲಾಫ್ ಎರಡು ವರ್ಷ ಉಪ್ಪಿನ ದೋಣಿಯಲ್ಲಿ ದುಡಿದು ಮೂವತ್ತು ಬೆಳ್ಳಿಯ ಪೆನ್ನಿ ಕೂಡಿಹಾಕಿ, ಬೂದಿಯಲ್ಲಿ ಉಜ್ಜಿ ಬೆಳಗಿಸಿ, ಆ ಬೆಳಿಗ್ಗೆ ಅವಳ ಮಡಿಲಿಗೆ ಸುರಿದನಂತೆ. ಅದರಲ್ಲೊಂದು ಡೊಂಕಾಗಿತ್ತು. ಹೆಂಡತಿಗೆ ಡೊಂಕು ದುಡ್ಡು ಕೊಡುವುದೇ ಎಂದು ಕಲ್ಲಿನಿಂದ ಕುಟ್ಟಿ ನೆಟ್ಟಗೆ ಮಾಡಲು ಹೋಗಿ ಇನ್ನಷ್ಟು ಡೊಂಕು ಮಾಡಿದ್ದನಂತೆ. ಮೂರನೆಯ ಚಳಿಗಾಲದಲ್ಲಿ ಬಿರುಗಾಳಿಗೆ ಸಿಕ್ಕು ದೋಣಿ ಹೋಯಿತು, ಅವನೂ ಹೋದ. ಹೆಣ ಸಿಗಲಿಲ್ಲ. ಮಕ್ಕಳೂ ಇರಲಿಲ್ಲ.

ನಮ್ಮಲ್ಲಿ ದುಡ್ಡಿಗೂ ಆಯುಸ್ಸು ಇದೆ. ಐದಾರು ವರ್ಷಕ್ಕೊಮ್ಮೆ ರಾಜ ನಾಣ್ಯದ ಅಚ್ಚು ಬದಲಾಯಿಸುತ್ತಾನೆ. ಹಳೆಯ ಪೆನ್ನಿಗಳನ್ನು ಟಂಕಸಾಲೆಗೆ ಕೊಟ್ಟು ಹೊಸದನ್ನು ತರಬೇಕು. ಅವರು ಹಳೆಯದನ್ನು ಕರಗಿಸಿ, ತಮ್ಮ ಪಾಲು ಹಿಡಿದುಕೊಂಡು ಹೊಸದು ಕೊಡುತ್ತಾರೆ. ಗಡುವು ಮೀರಿತೆಂದರೆ ಹಳೆಯದು ಸಂತೆಯಲ್ಲಿ ನಡೆಯುವುದಿಲ್ಲ. ಸತ್ತ ದುಡ್ಡು ಎನ್ನುತ್ತೇವೆ ಅದಕ್ಕೆ. ಡುನ್ನೆ ಟಂಕಸಾಲೆಗೆ ಹೋಗಲೇ ಇಲ್ಲ. ಅವನು ಕೈಯಾರೆ ಉಜ್ಜಿದ್ದನ್ನು ಯಾರೋ ಕರಗಿಸಲಿ ಎಂದು ಹೇಗೆ ಕೊಡಲಿ ಎನ್ನುತ್ತಿದ್ದಳು. ಒಂದು ಮಣ್ಣಿನ ಗಡಿಗೆಯಲ್ಲಿ ಹಸಿ ಉಪ್ಪು ತುಂಬಿ, ಅದರೊಳಗೆ ಪೆನ್ನಿಗಳನ್ನು ಒಂದೊಂದಾಗಿ ಹುದುಗಿಸಿ ಒಲೆಯ ಪಕ್ಕ ಇಟ್ಟಿದ್ದಳು. ಅಚ್ಚು ನಾಲ್ಕು ಸಲ ಬದಲಾಯಿತು. ನನ್ನ ಹೆಂಡದ ಬೆಂಚಿನ ಮೇಲೆ ಕೂತವರು ಅದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹನ್ನೊಂದು ವರ್ಷದ ಹಿಂದೆ, ಬೇಸಿಗೆಯಲ್ಲಿ, ಕಡಲಾಚೆಯ ಲೂಟಿಕೋರರು ಡೇನರು ಬಂದರು. ಹತ್ತೊಂಬತ್ತು ಹಡಗು ನದಿಯ ಬಾಯಲ್ಲಿ ಬಂದು ನಿಂತವು. ಸುಡಬಾರದೆಂದರೆ ನಮ್ಮ ಊರಿನ ಪಾಲು ಎಂಟು ಪೌಂಡ್ ಬೆಳ್ಳಿ, ಆರು ದಿನದ ಗಡುವು ಎಂದರು. ನಂಬಿಕೆಗೆ ಒಬ್ಬ ಮನುಷ್ಯನನ್ನು ಒತ್ತೆಯಾಗಿ ಹಿಡಿದರು. ಊರಲ್ಲಿ ಅಷ್ಟು ಜನ ಇರುವಾಗ ಅವರ ಕಣ್ಣು ಬಿದ್ದದ್ದು ಸೇಬರ್ಟ್ ಮೇಲೆ, ಮರಳುದಿಬ್ಬ ಗೊತ್ತಿದ್ದ ನನ್ನ ಗಂಡನ ಮೇಲೆ. ಬೆಳ್ಳಿ ಪೂರ್ತಿಯಾದರೆ ಕಟ್ಟೆಯ ಮೇಲೆ ಬಿಡುತ್ತಾರೆ, ಇಲ್ಲದಿದ್ದರೆ ಆರನೆಯ ದಿನ ನೀರು ಇಳಿಯುವಾಗ ಅವನನ್ನೂ ಕರೆದುಕೊಂಡು ಹೊರಟು, ಕಡಲಾಚೆ ಮಾರಿಬಿಡುತ್ತಾರೆ. ನನಗೆ ಆಗ ಏಳು ತಿಂಗಳು.

ಊರ ಪಾರುಪತ್ಯಗಾರ ವಿನ್‌ಸ್ಟಾನ್ ಚರ್ಚಿನ ಅಂಗಳದಲ್ಲಿ ಮೇಜು ಹಾಕಿ ಕೂತು ಎಣಿಸಿದ. ಇನ್ನೂರ ನಲವತ್ತು ಪೆನ್ನಿಗೆ ಒಂದು ಪೌಂಡ್, ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಜನ ಹಂದಿ ಮಾರಿ, ಉಣ್ಣೆ ಮಾರಿ ತಂದು ಸುರಿದರು. ಡುನ್ನೆಯೂ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಅದನ್ನು ನೋಡಿ ನಾನು ಹೆದರಿದೆ. ಎಲ್ಲಿ ಈ ನಡೆಯದ ದುಡ್ಡು ಒಳಗೆ ಸೇರಿ, ಡೇನರು ಮೋಸವೆಂದು ಸಿಟ್ಟಾಗಿ ನನ್ನ ಗಂಡನನ್ನು ಕೊಂದುಬಿಡುತ್ತಾರೋ ಎಂದು. ವಿನ್‌ಸ್ಟಾನ್ ಸಮಾಧಾನವಾಗಿಯೇ ಬೇಡ ಎನ್ನುತ್ತಿದ್ದ. ನಾನು ನಡುವೆ ನುಗ್ಗಿದೆ.

"ನಿನ್ ಗಂಡನ್ನ ತಿಂದ್ಕೊಂಡೆ, ಈಗ ನನ್ ಗಂಡನ್ನೂ ತಿಂತೀಯಾ? ತಗೊಂಡ್ ಹೋಗು ನಿನ್ ಸತ್ತ ದುಡ್ಡನ್ನ."

ಅಂಗಳವೆಲ್ಲ ಕೇಳಿತು. ಡುನ್ನೆ ಗಡಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಬಂದ ದಾರಿಯಲ್ಲೇ ಹೋದಳು. ಲೆಕ್ಕ ಪೂರ್ತಿಯಾಯಿತು ಎಂದು ವಿನ್‌ಸ್ಟಾನ್ ಚೀಲದ ಬಾಯಿ ಕಟ್ಟಿದ. ನನಗೆ ಹೋದ ಜೀವ ಬಂದಂತಾಯಿತು. ನಾಲಗೆ ಹೊರಳಿದ್ದಕ್ಕೆ ಆವತ್ತು ನನಗೆ ನಾಚಿಕೆ ಕೂಡ ಆಗಲಿಲ್ಲ, ಅದು ಆಮೇಲೆ ಬಂತು.

ಆರನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಡೇನರ ಮುದುಕನೊಬ್ಬ ಬಂದು ಕೂತ. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮಡಚುವ ತಕ್ಕಡಿಯೊಂದನ್ನು ಬಿಚ್ಚಿ, ಒಂದು ಕಡೆ ಒಂದು ಪೌಂಡ್ ತೂಕದ ಸೀಸದ ಬಟ್ಟು ಇಟ್ಟು, ಇನ್ನೊಂದು ಕಡೆ ನಮ್ಮ ಪೆನ್ನಿ ಸುರಿದ. ವಿನ್‌ಸ್ಟಾನ್ ಪಾಪ, ಎಣಿಸಿ ತೋರಿಸಲು ಹೋದ. ಮುದುಕ ಅವನ ಕೈ ಸರಿಸಿದ. ಅವರಿಗೆ ರಾಜನ ಮುಖ ಬೇಡ, ಎಣಿಕೆ ಬೇಡ, ತೂಕ ಬೇಕು. ಹೊಸ ಪೆನ್ನಿಗಳು ಎಷ್ಟು ತೆಳ್ಳಗಾಗಿದ್ದವು ಎಂಬುದು ನಮಗೆ ಗೊತ್ತೇ ಇರಲಿಲ್ಲ, ನಮ್ಮೂರಲ್ಲಿ ಪೆನ್ನಿಯನ್ನು ತೂಗಿ ನೋಡಿದವರು ಯಾರು? ಎಂಟೂ ಸಲ ನಮ್ಮ ಬೆಳ್ಳಿಯ ತಟ್ಟೆ ಹಗುರವಾಗಿ ಮೇಲೇ ನಿಂತಿತು.

ಕೊರತೆ ತುಂಬಲು ಚರ್ಚಿನ ಚಿಕ್ಕ ಬೆಳ್ಳಿ ಬಟ್ಟಲು ತಟ್ಟೆಗೆ ಬಿತ್ತು. ಹೆಂಗಸರು ಮೇಲುಹೊದಿಕೆಯ ಬೆಳ್ಳಿಪಿನ್ನು ಕಿತ್ತು ಹಾಕಿದರು, ನಾನು ನನ್ನ ಉಂಗುರ ಹಾಕಿದೆ. ತಟ್ಟೆ ಇಳಿಯುತ್ತ ಬಂದು, ಇನ್ನೊಂದು ಹಿಡಿ ಬೆಳ್ಳಿಯಷ್ಟು ಕೊರತೆಯಲ್ಲಿ ನಿಂತಿತು. ಕೊಡಲು ಯಾರ ಮೈಮೇಲೂ ಏನೂ ಉಳಿದಿರಲಿಲ್ಲ. ನದಿಯ ನೀರು ಇಳಿಯಲು ಶುರುವಾಗಿತ್ತು. ಸೇಬರ್ಟ್ ಹಡಗಿನ ಅಂಚಿನಲ್ಲಿ ಕೈಕಟ್ಟಿಸಿಕೊಂಡು ಕೂತಿದ್ದ. ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡುತ್ತಿದ್ದ.

ನಾನು ಓಡಿದೆ. ಆ ಹೊಟ್ಟೆ ಹೊತ್ತುಕೊಂಡು, ಜವುಗಿನ ಕೆಸರಿನಲ್ಲಿ, ಎರಡು ಸಲ ಬಿದ್ದೆ.

ಡುನ್ನೆ ಬಸಿನೀರಿಗೆ ಮೊಟ್ಟೆ ಬಿಟ್ಟು ನೋಡುತ್ತ ನಿಂತಿದ್ದಳು. ನಾನು "ಅಕ್ಕಾ" ಎಂದೆ. ಊರನ್ನೆಲ್ಲ ಬೈದ ಬಾಯಿಗೆ ಬೇಡಲು ಬರಲಿಲ್ಲ. ಅವಳು ನನ್ನ ಕೆಸರು ಮೆತ್ತಿದ ಮೊಣಕಾಲು ನೋಡಿದಳು, ಇಳಿಯುತ್ತಿದ್ದ ನದಿ ನೋಡಿದಳು.

"ಎಷ್ಟ್ ಕಮ್ಮಿ ಬಿತ್ತು?"

"ಒಂದ್ ಹಿಡಿ."

ಒಳಗಿನಿಂದ ಗಡಿಗೆ ತಂದು ನೆಲಕ್ಕೆ ಕೂತಳು. ಅಷ್ಟು ವರ್ಷ ಒಲೆಯ ಕಾವಿಗೆ ಉಪ್ಪು ಕಲ್ಲಾಗಿ ಕೂತಿತ್ತು. ಚೂರಿಯ ತುದಿಯಿಂದ ಒಂದೊಂದನ್ನೇ ಮೀಟಿ ತೆಗೆಯಲು ಶುರು ಮಾಡಿದಳು. ನನಗೆ ಜೀವ ಕೈಯಲ್ಲಿತ್ತು. ಒಡೆದುಬಿಡು ಅಕ್ಕಾ ಎಂದು ಅಂಗಲಾಚಿದೆ. ಅವಳು ತಲೆ ಎತ್ತಲಿಲ್ಲ, ಕೈಯ ವೇಗವನ್ನೂ ಬದಲಾಯಿಸಲಿಲ್ಲ. ಪೆನ್ನಿಗಳು ಕರ್ರಗಾಗಿದ್ದವು. ಡೊಂಕಿನದು ಕೊನೆಗೆ ಬಂತು. ಅದನ್ನು ಮೇಲುಹೊದಿಕೆಯ ಅಂಚಿಗೆ ಒರೆಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಅದೊಂದ್ ಇಟ್ಕೊ ಅಕ್ಕಾ."

"ಕಮ್ಮಿ ಬಿದ್ರೆ? ನನ್ನೋನಂತೂ ಬರಲ್ಲ, ನಿನ್ನೋನು ಬರ್ಲಿ."

ಆವತ್ತು ಅಂದದ್ದು ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವಳು ಮೂವತ್ತನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ತುರುಕಿದಳು.

"ಬಾಯ್ ಮುಚ್ಕೊಂಡ್ ಹೋಗೆ. ಹೊಟ್ಟೆ ಜೋಪಾನ."

ಕಟ್ಟೆಯ ಮೇಲೆ ಮುದುಕ ಕರ್ರನೆಯ ಪೆನ್ನಿಯನ್ನು ನೋಡಿ ಮೂಗು ಮುರಿದ. ಚಾಕುವಿನಿಂದ ಅಂಚು ಕೆತ್ತಿದ. ಒಳಗೆ ಬೆಳ್ಳಗೆ ಹೊಳೆಯಿತು. ಅಂಗೈಯಲ್ಲಿ ತೂಗಿ ನೋಡಿ ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕ. ನಿಮ್ಮ ಹಳೆಯ ರಾಜನೇ ಹೊಸಬನಿಗಿಂತ ಯೋಗ್ಯ ಎಂದನಂತೆ, ಸೇಬರ್ಟ್ ಆಮೇಲೆ ಹೇಳಿದ. ಒಂದೊಂದಾಗಿ ಹಾಕುತ್ತ ಹೋದ. ಇಪ್ಪತ್ತೇಳಕ್ಕೆ ತಟ್ಟೆ ಸಮನಾಯಿತು. ಮೂರು ಹೆಚ್ಚಾಗಿ ಉಳಿದವು, ಡೊಂಕಿನದೂ ಅದರಲ್ಲಿತ್ತು. ಮುದುಕ ಆ ಮೂರನ್ನೂ ಚೀಲಕ್ಕೆ ಬಾಚಿಕೊಂಡ. ನಾನು ಕೇಳಲಿಲ್ಲ. ಎಂತೆಂಥವರ ಹತ್ತಿರ ಕಾಲು ಪೆನ್ನಿಗೆ ಕಿತ್ತಾಡಿದವಳು, ಆವತ್ತು ಕೇಳಲಿಲ್ಲ. ಸೇಬರ್ಟ್‌ನ ಕೈಕಟ್ಟು ಬಿಚ್ಚುತ್ತಿದ್ದರು, ನನ್ನ ಕಣ್ಣೆಲ್ಲ ಅಲ್ಲೇ ಇತ್ತು.

ಸಂಜೆ ಡುನ್ನೆ ಸರಿಹೋಯಿತಾ ಎಂದು ಕೇಳಿದಳು. ಮೂವತ್ತೂ ಬೇಕಾಯಿತು ಅಕ್ಕಾ, ಒಂದು ಕಡಿಮೆಯಿದ್ದರೂ ಆಗುತ್ತಿರಲಿಲ್ಲ ಎಂದೆ. ಒಳ್ಳೆಯದಾಯಿತು ಬಿಡು ಎಂದು ಮೊಟ್ಟೆ ಸುಲಿದು ಅರ್ಧ ನನಗೆ ಕೊಟ್ಟಳು.

ಹೆಣ್ಣು ಹುಟ್ಟಿತು. ನಿನ್ನ ಹೆಸರಿಡುತ್ತೇನೆ ಎಂದರೆ, ಬೇಡ ಮಾರಾಯ್ತಿ, ಹೊಗೆ ವಾಸನೆಯ ಹೆಸರು ಕೂಸಿಗೆ ಯಾಕೆ ಎಂದಳು. ನಾಲ್ಕು ವರ್ಷ ಹೆಂಡ ಮಾರಿ ಮೂವತ್ತು ಹೊಸ ಪೆನ್ನಿ ಕೂಡಿಸಿ ಅವಳ ಮುಂದಿಟ್ಟೆ. ಮುಟ್ಟಲಿಲ್ಲ. ಅವನು ಉಜ್ಜಿದ್ದಲ್ಲವಲ್ಲ, ನಿನ್ನ ಮಗಳಿಗೆ ಇಡು ಎಂದಳು. ಸೇಬರ್ಟ್ ಮಾತ್ರ ಕೇಳದೆಯೇ ಪ್ರತಿ ವರ್ಷ ಅವಳ ಒಲೆಗೆ ಸೌದೆ ಒಟ್ಟಿ ಬರುತ್ತಿದ್ದ. ಡೇನರು ಮತ್ತೆ ಎರಡು ಸಲ ಬಂದರು, ಮತ್ತೆ ಕೊಟ್ಟೆವು. ಈಗ ನಮ್ಮೂರಲ್ಲೂ ತೂಗಿಯೇ ಕೊಡುತ್ತೇವೆ.

ಹೋದ ವರ್ಷ ಅವಳು ಕಾಯಿಲೆ ಬಿದ್ದು ಮಲಗಿದಾಗ ನಾನೇ ಹೋಗಿ ನೋಡಿಕೊಂಡೆ. ಗುಡಿಸಲು ಗುಡಿಸಿ, ಪಾತ್ರೆಗಳನ್ನೆಲ್ಲ ಬೆಳಗಿ, ಕೊನೆಗೆ ಆ ಗಡಿಗೆಯನ್ನೂ ತೊಳೆಯೋಣವೆಂದು ನೀರಿನ ಹತ್ತಿರ ಒಯ್ದೆ. ಮೂರು ದಿನದಿಂದ ತಲೆ ಎತ್ತದವಳು ದಡಬಡ ಎದ್ದು ಕೂತಳು. ಗಡಿಗೆಯನ್ನು ಕಸಿದು ಮಡಿಲಲ್ಲಿಟ್ಟುಕೊಂಡು ಏದುಸಿರು ಬಿಟ್ಟಳು. ಆಮೇಲೆ ನನ್ನ ಬೆರಳು ಹಿಡಿದು ಒಳಗೆ ಇಟ್ಟಳು. ಕಲ್ಲಾದ ಉಪ್ಪಿನಲ್ಲಿ ಗುಳಿಗಳು. ಪೆನ್ನಿಗಳು ಕೂತಿದ್ದ ತೆಳ್ಳನೆಯ, ದುಂಡನೆಯ ಗುಳಿಗಳು, ಒಂದರ ಪಕ್ಕ ಒಂದು. ಆವತ್ತು ಯಾಕೆ ಒಡೆಯಲಿಲ್ಲ, ಯಾಕೆ ಅಷ್ಟು ನಿಧಾನವಾಗಿ ಮೀಟಿದಳು ಎಂದು ನನಗೆ ಗೊತ್ತಾದದ್ದು ಆಗ, ಹತ್ತು ವರ್ಷದ ಮೇಲೆ. ನಾನು ಅತ್ತುಬಿಟ್ಟೆ. ತಡೆಯಲಾರದೆ, ಮೂರು ಹೆಚ್ಚಾಗಿತ್ತು ಅಕ್ಕಾ, ನಾನು ಸುಳ್ಳು ಹೇಳಿದೆ ಎಂದೆ.

"ಗೊತ್ತು ಕಣೆ. ನಿನ್ ಗಂಡ ಮೊದಲ್ನೇ ಸೌದೆ ಹೊರೆ ತಂದಾಗ್ಲೇ ಹೇಳ್ದ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ನಕ್ಕಳು. "ನಿನ್ ಬಾಯಲ್ಲಿ ಬಂದಿದ್ರಲ್ಲಿ ಅದೊಂದೇ ಮೆತ್ತಗಿತ್ತು. ಹೋಗ್ಲಿ ಅಂತ ಸುಮ್ನಿದ್ದೆ."

ಎರಡು ದಿನ ಬಿಟ್ಟು ತೀರಿಕೊಂಡಳು. ಗಡಿಗೆ ನನಗೆ ಬಂತು. ನಮ್ಮ ಒಲೆಯ ಪಕ್ಕವೇ ಇಟ್ಟಿದ್ದೇನೆ.

ಮೊನ್ನೆ ಮಗಳು ಅದನ್ನು ತೊಳೆಯಲು ಎತ್ತಿಕೊಂಡು ಹೊಳೆಯ ಕಡೆ ಹೊರಟಿದ್ದಳು. ನಾನು ಹಾಕಿದ ಕೂಗಿಗೆ ಹಂದಿಗಳೂ ಬೆಚ್ಚಿಬಿದ್ದವು. ಹುಡುಗಿಗೆ ಸಿಟ್ಟು ಬಂತು, ಬಾಯಿ ನನ್ನದೇ ಅಲ್ಲವೇ.

"ಏನಮ್ಮಾ ಅಂಥದ್ದು ಇದೆ ಇದ್ರಲ್ಲಿ, ಖಾಲಿ ಗಡಿಗೆ!"

ನಾನು ಅವಳ ಬೆರಳು ಹಿಡಿದು, ತಡಕಿ ತಡಕಿ, ಆ ಡೊಂಕು ಗುಳಿಯೊಳಗೆ ಇಟ್ಟೆ.

"ನಿಮ್ಮಪ್ಪ ಇದಾನೆ" ಎಂದೆ.

ಹೊರಗೆ ಸೇಬರ್ಟ್ ದೋಣಿಯ ಹಗ್ಗ ಎಲ್ಲಿಟ್ಟಿರಿ ಎಂದು ಕೂಗಾಡುತ್ತಿದ್ದ.