ಹೆಗಲಿಗೆ ಒತ್ತಿದ ಹೆಬ್ಬೆರಳು

ಸತ್ತವರು ಬರುತ್ತಾರೆ, ಮಾತಾಡಿಸುತ್ತಾರೆ ಎಂದು ಯಾರಾದರೂ ಪಿಸುದನಿಯಲ್ಲಿ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ನೌಕಾಪಡೆಯಲ್ಲಿದ್ದಾಗ ಸಮುದ್ರದಿಂದ ಹೆಣಗಳನ್ನು ಎತ್ತಿದ್ದೇನೆ. ಯಾವುದೂ ನನ್ನ ಹಿಂದೆ ಬರಲಿಲ್ಲ. ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾನಿದ್ದದ್ದು ಕಮಾಂಡೊಗಳನ್ನು ದಡ ಮುಟ್ಟಿಸುವ ದೋಣಿ ತುಕಡಿಯಲ್ಲಿ. ಹಡಗು ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ರಬ್ಬರ್ ದೋಣಿಗಳಲ್ಲೋ, ಮುಂಬದಿಯ ಬಾಗಿಲು ಮರಳಿನ ಮೇಲೆ ತೆರೆದುಕೊಳ್ಳುವ ಚಪ್ಪಟೆ ತಳದ ದೊಡ್ಡ ದೋಣಿಗಳಲ್ಲೋ ಅವರನ್ನು ದಡಕ್ಕೆ ಬಿಟ್ಟು, ಕೆಲಸ ಮುಗಿದ ಮೇಲೆ ವಾಪಸು ತರುವುದು ನಮ್ಮ ಹೊಣೆ. ದೀಪ ಹಚ್ಚುವಂತಿಲ್ಲ, ಮಾತಾಡುವಂತಿಲ್ಲ. ಹಾಗಾಗಿ ದೋಣಿ ನಡೆಸುವವನ ಬೆನ್ನಿಗೆ ದಾರಿ ನೋಡುವವನೊಬ್ಬ ನಿಂತಿರುತ್ತಾನೆ. ಬಲ ಹೆಗಲು ಒತ್ತಿದರೆ ಬಲಕ್ಕೆ ತಿರುಗಬೇಕು, ಎಡ ಒತ್ತಿದರೆ ಎಡಕ್ಕೆ. ಎರಡೂ ಒತ್ತಿದರೆ ಅಲ್ಲೇ ನಿಲ್ಲಬೇಕು.

ನನ್ನ ಬೆನ್ನಿಗೆ ನಿಲ್ಲುತ್ತಿದ್ದವನು ಹೊನ್ನಾವರದ ಕಡೆಯ ಸುಬ್ರಾಯ. ಬೇರೆಯವರು ಅಂಗೈ ಇಡುತ್ತಿದ್ದರು. ಇವನು ಹೆಬ್ಬೆರಳನ್ನು ಹೆಗಲೆಲುಬಿನ ಹಿಂದಿನ ಗುಳಿಗೆ ತುರುಕುತ್ತಿದ್ದ. ನೋಯುತ್ತದೆ ಮಾರಾಯ ಎಂದರೆ, “ನೋವಾಗದಿದ್ರೆ ನಿಂಗೆ ಗೊತ್ತಾಗುದಿಲ್ಲ” ಎನ್ನುತ್ತಿದ್ದ. ಅಲೆ ಎದ್ದಿದ್ದ ಒಂದು ಮುಂಜಾನೆ, ತಾಲೀಮಿನ ವೇಳೆ, ನಮ್ಮ ರಬ್ಬರ್ ದೋಣಿಗೂ ದೊಡ್ಡ ದೋಣಿಯ ಕಬ್ಬಿಣದ ಮೈಗೂ ನಡುವೆ ಸಿಕ್ಕಿ ಅವನು ಸತ್ತ. ನೀರಿನಿಂದ ಅವನನ್ನು ಎಳೆದುಕೊಂಡವನು ನಾನೇ. ಅವನು ಸತ್ತದ್ದರಲ್ಲಿ ನನಗೆ ಅನುಮಾನವಿಲ್ಲ ಎಂದು ತಿಳಿಸಲೆಂದೇ ಇದನ್ನು ಹೇಳುತ್ತಿದ್ದೇನೆ.

ನಿವೃತ್ತನಾದ ಮೇಲೆ ಜೆ.ಪಿ. ನಗರದಲ್ಲಿ ಮನೆ ಮಾಡಿದೆ. ನಾಲ್ಕೈದು ವರ್ಷಗಳ ಹಿಂದೆ, ರಾತ್ರಿಯಿಡೀ ಸುರಿದ ಮಳೆಗೆ ಬಿಟಿಎಂ ಲೇಔಟಿನ ಕೆರೆಯ ಕೆಳಗಿನ ತಗ್ಗು ಪ್ರದೇಶ ಮುಳುಗಿತು. ಅಲ್ಲಿನ ನಿವಾಸಿಗಳ ಸಂಘ ನೋಡಿಕೊಳ್ಳುತ್ತಿದ್ದ ಶೈಲಜಾ ಮೇಡಂ ನನ್ನ ಹೆಂಡತಿಯ ಸ್ನೇಹಿತೆ. ಬೆಳಗಾಗುತ್ತಲೇ ಅವರ ಫೋನು ಬಂತು.

“ಸಾರ್, ನಮ್ಮ ರೋಡ್ ಕೊನೇಲಿ ವಯಸ್ಸಾದವ್ರೊಬ್ರು ಆಕ್ಸಿಜನ್ ಮೇಲಿದಾರೆ. ಕರೆಂಟ್ ತೆಗ್ದಿದಾರೆ, ಸಿಲಿಂಡರ್ ಮುಗೀತಾ ಬಂತಂತೆ. ಫೈರ್‌ನವ್ರ ಬೋಟು ಇನ್ನೊಂದು ಕಡೆ ಹೋಗಿದೆ. ನಿಮ್ಗೆ ಬೋಟ್ ಬಿಡೋಕ್ ಬರತ್ತಲ್ವಾ?”

ಗೊಟ್ಟಿಗೆರೆಯ ಪರಿಚಯಸ್ಥರೊಬ್ಬರ ಬಳಿ, ಹಿನ್ನೀರಿನಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುವ ಪುಟ್ಟ ರಬ್ಬರ್ ದೋಣಿಯಿತ್ತು. ಅದನ್ನು ಟೆಂಪೊದಲ್ಲಿ ಹಾಕಿಕೊಂಡು ಹೋದೆ. ತುಂಬಿದ ಸಿಲಿಂಡರನ್ನು ಶೈಲಜಾ ಅವರು ಹೇಗೋ ಹೊಂದಿಸಿಟ್ಟಿದ್ದರು. ಅದನ್ನು ನಡುವೆ ಕಟ್ಟಿ, ಅವರು ಬಿದಿರು ಹಿಡಿದು ಮುಂದೆ ಕೂತರು. ನಾನು ತೀರಾ ಹಿಂದೆ, ಎಂಜಿನ್ನಿನ ಪಕ್ಕ. ನನ್ನ ಬೆನ್ನಿಗೆ ಯಾರೂ ಕೂರಲು ಜಾಗವೇ ಇರಲಿಲ್ಲ. ದೋಣಿ ಅಲ್ಲಿಗೆ ಮುಗಿಯುತ್ತಿತ್ತು.

ಕಂದು ನೀರು, ಅದರ ಮೇಲೆ ತೇಲುವ ಚಪ್ಪಲಿಗಳು, ಗ್ಯಾಸ್ ಸಿಲಿಂಡರು, ಸತ್ತ ನಾಯಿ. ರಸ್ತೆಯ ಕೊನೆಯ ಮನೆ ನೇರಕ್ಕೆ ಕಾಣುತ್ತಿತ್ತು. ಬಾಲ್ಕನಿಯಲ್ಲಿ ಯಾರೋ ಕೆಂಪು ಟವೆಲ್ ಬೀಸುತ್ತಿದ್ದರು. ಆಗ ನನ್ನ ಬಲ ಹೆಗಲ ಗುಳಿಗೆ ಹೆಬ್ಬೆರಳು ಇಳಿಯಿತು. ಸ್ನಾಯು ಹಿಡಿದುಕೊಂಡದ್ದಲ್ಲ, ಚಳಿಯ ನಡುಕವಲ್ಲ. ಉಗುರಿನ ಅಂಚು ಕೂಡ ತಿಳಿಯಿತು.

ಕೈ ತಾನಾಗಿ ತಿರುಗಿತು. ದೋಣಿ ಬಲಗಡೆಯ ಅಡ್ಡರಸ್ತೆಗೆ ಹೊಕ್ಕಿತು.

“ಸಾರ್, ಆ ಕಡೆ ಅಲ್ಲ! ಸ್ಟ್ರೇಟ್ ಹೋಗಿ, ಸ್ಟ್ರೇಟ್!” ಶೈಲಜಾ ಕಿರುಚಿದರು. ನಾನು ಹಾಗೇ ಮುಂದೆ ಬಿಟ್ಟೆ. ಒಂದು ಅಪಾರ್ಟ್‌ಮೆಂಟಿನ ಎದುರು ಎರಡೂ ಹೆಗಲು ಒಟ್ಟಿಗೆ ನೊಂದವು. ಎಂಜಿನ್ ನಿಲ್ಲಿಸಿದೆ.

ಆ ನಿಶ್ಶಬ್ದದಲ್ಲಿ ಮಾತ್ರ ಕೇಳಿಸಿತು: ಕಬ್ಬಿಣದ ಮೇಲೆ ಪಾತ್ರೆ ಬಡಿಯುವ ಸಣ್ಣ ಸದ್ದು. ಕಟ್ಟಡದ ಬುಡದಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ನೆಲಮಾಳಿಗೆಗೆ ಗಾಳಿಯಾಡಲು ಬಿಟ್ಟ ಕಿಂಡಿ. ಸರಳುಗಳ ಹಿಂದೆ ಒಬ್ಬ ಹೆಂಗಸಿನ ಮುಖ, ಮೂಗಿನವರೆಗೂ ನೀರು. ನೆಲಮಾಳಿಗೆಯಲ್ಲೇ ಸಂಸಾರ ಮಾಡುತ್ತಿದ್ದ ಕಾವಲುಗಾರನ ಹೆಂಡತಿ. ಮೇಲಿನ ಮನೆಗಳವರೆಲ್ಲ ಆ ದಂಪತಿ ತಾರಸಿಗೆ ಹೋಗಿದ್ದಾರೆಂದೇ ತಿಳಿದಿದ್ದರಂತೆ. ಲಂಗರಿನ ಕೊಕ್ಕೆ ಹಾಕಿ ಸರಳು ಕಿತ್ತು ಅವಳನ್ನು ಎಳೆದುಕೊಂಡೆವು. ಕೂಗಿ ಕೂಗಿ ಅವಳ ಗಂಟಲು ಹೋಗಿತ್ತು.

“ಅವ್ರು ಒಳಗ ಅದಾರ್ರೀ,” ಎಂದಳು. “ಗಾಡಿ ತರಾಕ್ ಹೋದ್ರು.”

ನಾನು ಒಳಗಿಳಿದು ಉಸಿರು ಇರುವಷ್ಟು ಹೊತ್ತು ತಡಕಾಡಿದೆ, ಮತ್ತೆ ಮತ್ತೆ. ತೇಲುವ ಹಾಸಿಗೆಗಳು, ಬೈಕುಗಳ ಹಿಡಿಗಳು. ಅವನು ಸಿಗಲಿಲ್ಲ. ಸಂಜೆ ನೀರು ಖಾಲಿ ಮಾಡಿದ ಮೇಲೆ ತನ್ನ ಮೊಪೆಡ್ಡಿನ ಪಕ್ಕದಲ್ಲೇ ಸಿಕ್ಕ.

ಅವಳನ್ನು ದೋಣಿಯಲ್ಲೇ ಕೂರಿಸಿಕೊಂಡು ರಸ್ತೆಯ ಕೊನೆಯ ಮನೆಗೆ ಹೋದಾಗ ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ. ಸಿಲಿಂಡರ್ ಹೊತ್ತು ಮಹಡಿ ಹತ್ತಿದೆ, ಶೈಲಜಾ ಹಿಂದೆಯೇ ಬಂದರು. ಮುದುಕರು ತೀರಿಕೊಂಡಿದ್ದರು. ಮೈ ಇನ್ನೂ ಬೆಚ್ಚಗಿತ್ತು. ತಲೆದೆಸೆಯಲ್ಲಿ ಕೂತಿದ್ದ ಮಗಳು ನನ್ನ ಕಡೆ ನೋಡಿದರು.

“ನೀವು ಬಂದಿದ್ದು ನೋಡ್ದೆ ಸಾರ್. ಅಪ್ಪಂಗೂ ಹೇಳ್ದೆ, ಬೋಟ್ ಬಂತು, ಇನ್ನೊಂದ್ ಸ್ವಲ್ಪ ತಡ್ಕೊಳಪ್ಪಾ ಅಂತ. ಆಮೇಲೆ ಯಾಕೆ ತಿರುಗಿಸ್ಬಿಟ್ರಿ?”

“ಯಾರೋ ಕೂಗ್ದಂಗಾಯ್ತು ಕಣಮ್ಮ,” ಎಂದರು ಶೈಲಜಾ, ನನಗಿಂತ ಮೊದಲೇ. ಎಂಜಿನ್ ನಿಲ್ಲುವ ತನಕ ಏನೂ ಕೇಳಿಸಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

“ಅವ್ರು ಉಳಿದ್ರಾ?”

“ಹೆಂಗಸು ಉಳಿದ್ಳು,” ಎಂದೆ ನಾನು.

ಮಗಳು ತಲೆಯಾಡಿಸಿ, ಅಪ್ಪನ ಮೂಗಿನ ನಳಿಕೆಯನ್ನು ಮೆಲ್ಲಗೆ ಬಿಡಿಸತೊಡಗಿದರು.

ನನ್ನ ಹೆಂಡತಿಗೆ ಇದನ್ನೆಲ್ಲ ಹೇಳಿದಾಗ, ಹಳೆಯ ಅಭ್ಯಾಸ ಮೈಯಲ್ಲಿ ಉಳಿದಿರುತ್ತದೆ ಎಂದಳು. ಇರಬಹುದು. ಆದರೆ ಅಭ್ಯಾಸಕ್ಕೆ ಆ ಕಿಂಡಿ ಎಲ್ಲಿದೆಯೆಂದು ಹೇಗೆ ಗೊತ್ತು? ಸುಬ್ರಾಯನೇ ಎಂದುಕೊಂಡರೂ ಮನಸ್ಸು ಹಗುರಾಗುವುದಿಲ್ಲ. ಕಿಂಡಿಯ ಹಿಂದಿನ ಹೆಂಗಸು ಅವನಿಗೆ ಕಂಡಿದ್ದರೆ, ರಸ್ತೆಯ ಕೊನೆಯಲ್ಲಿ ಉಸಿರಿಗೆ ಕಾಯುತ್ತಿದ್ದ ಆ ಮುದುಕರೂ ಕಂಡಿರಬೇಕಲ್ಲವೇ?