ಸೈಕಲ್ ಕೋಚ್ ತಾವಾಗಿ ಹೇಳಿದ್ದು

ವಿಜಯಪುರದ ಒಂದು ಖಾಸಗಿ ಹೆಣ್ಣುಮಕ್ಕಳ ಸಾಲಿಯಲ್ಲಿ ನಾನು ಮುಖ್ಯಾಧ್ಯಾಪಕಿಯಾಗಿದ್ದೆ. ಗಣಿತ ಕಲಿಸಿ ಕಲಿಸಿ ಆ ಖುರ್ಚಿಗೆ ಬಂದವಳು. ಆಟೋಟದ ಬಗ್ಗೆ ನನಗೆ ಅಷ್ಟಕ್ಕಷ್ಟೇ. ನಸುಕಿನ ಸೈಕಲ್ ತರಬೇತಿಗೆಂದು ಸಂಸ್ಥೆಯವರು ಒಬ್ಬ ಕೋಚನ್ನು ನೇಮಿಸಿದಾಗ, ಮೊದಲನೇ ಗಂಟೆಯಲ್ಲಿ ಹುಡುಗಿಯರು ತೂಕಡಿಸುತ್ತಾರೆ ಎಂದು ತಕರಾರು ತೆಗೆದವಳೇ ನಾನು.

ಕೋಚ್ ಮಮದಾಪುರದ ಕಡೆಯವರು, ನಲವತ್ತರ ಆಸುಪಾಸಿನ ಮನುಷ್ಯ. ಜಗಳ ಮಾಡಲಿಲ್ಲ. "ಒಂದ ದಿನ ಜೀಪಿನ್ಯಾಗ ಕುಂತು ನೋಡ್ರಿ ಬಾಯಾರ. ನೋಡಿದ ಮ್ಯಾಲೂ ಬ್ಯಾಡ ಅನಸಿದ್ರ ಬಿಟ್ಟಬಿಡೋಣಂತ," ಎಂದರು.

ಹೋದೆ. ಅಥಣಿ ರಸ್ತೆಯ ಹೊಸ ಲೇಔಟುಗಳು ಮುಗಿದು ಇಟ್ಟಂಗಿಹಾಳ ದಾಟುವ ಹೊತ್ತಿಗೆ ಬೆಳಕು ಹರಿದಿತ್ತು. ಜೀಪಿನ ಮುಂದೆ ಹನ್ನೆರಡು ಹುಡುಗಿಯರು, ಒಬ್ಬಳ ಹಿಂದಿನ ಗಾಲಿಗೆ ಇನ್ನೊಬ್ಬಳ ಮುಂದಿನ ಗಾಲಿ ಗೇಣಿನಷ್ಟು ದೂರ. ಜೀಪಿನ ವೇಗದ ಮುಳ್ಳು ನಲವತ್ತು ದಾಟಿತ್ತು. ನನ್ನ ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿದರೆ ಸೀಮೆಸುಣ್ಣ ಹಿಡಿದು ನಡುಗುತ್ತಿದ್ದ ಒಬ್ಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಆಕೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹಿಂದೆ ನಮ್ಮ ಜೀಪು ಇದೆ, ಅದು ತಮ್ಮನ್ನು ಕಾಯುತ್ತದೆ ಎಂಬ ನಂಬಿಕೆ ಆ ಹನ್ನೆರಡೂ ಬೆನ್ನುಗಳಲ್ಲಿತ್ತು. ಎದೆ ತುಂಬಿ ಬಂತು. ತಿಕೋಟಾದಲ್ಲಿ ಇಳಿದು ಎಲ್ಲರೂ ಚಹಾ ಕುಡಿದೆವು. ತಕರಾರು ಅಲ್ಲಿಗೇ ಮುಗಿಯಿತು.

ಮುಂದಿನ ಮೂರು ವರ್ಷ ಪದಕಗಳು ಬಂದವು. ನನ್ನ ಖೋಲಿಯಲ್ಲಿ ಗಾಜಿನ ಕಪಾಟು ಬಂತು. ಯಾರೇ ಬಂದರೂ ಮೊದಲು ಅದರ ಮುಂದೆ ನಿಲ್ಲಿಸುತ್ತಿದ್ದೆ.

ಆ ಮೂರನೆಯ ವರ್ಷದ ಒಂದು ಸೋಮವಾರ ಮುಂಜಾನೆ ಕೋಚ್ ಹಾಜರಿ ಪುಸ್ತಕಕ್ಕೆ ಸಹಿ ಮಾಡಲು ನನ್ನ ಮೇಜಿನ ಮೇಲೆ ಬಾಗಿದರು. ವಾಸನೆ ಬಂತು. ಹುಡುಗಿಯರ ಹಿಂದೆ ಜೀಪು ಓಡಿಸಿಕೊಂಡು ಆಗಷ್ಟೇ ಬಂದಿದ್ದರು. ಕಾಲಿಗೆ ತಿಕ್ಕುವ ಎಣ್ಣೆಯ ವಾಸನೆಯಿರಬೇಕು ಎಂದುಕೊಂಡೆ. ಅಲ್ಲವೆಂದು ನನಗೆ ಗೊತ್ತಿತ್ತು. ಅವರು ಪೆನ್ನು ಇಟ್ಟು ಹೋದರು. ನಾನು ಏನೂ ಕೇಳಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, ಒಂದು ರವಿವಾರ ಮಧ್ಯಾಹ್ನ, ಪಾಲಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಬಬಲೇಶ್ವರದಿಂದ ತಿಕೋಟಾ ಕಡೆ ಬರುವ ರಸ್ತೆಯ ಬದಿಯ ದ್ರಾಕ್ಷಿ ತೋಟದಲ್ಲಿ ನಮ್ಮ ಸಾಲಿಯ ಹೆಸರಿದ್ದ ಜೀಪು ಮೂತಿ ಊರಿ ನಿಂತಿತ್ತು. ನಾಲ್ಕು ಕಲ್ಲುಕಂಬ ಉರುಳಿ, ತಂತಿಯ ಸಮೇತ ಬಳ್ಳಿಗಳು ನೆಲಕ್ಕೆ ಬಿದ್ದಿದ್ದವು. ಪಕ್ಕದಲ್ಲಿ ಕೋಚ್ ತಲೆ ಹಿಡಿದುಕೊಂಡು ಕುಳಿತಿದ್ದರು. ಬಬಲೇಶ್ವರದಲ್ಲಿ ಬಳಗದವರ ನಿಶ್ಚಯಕಾರ್ಯಕ್ಕೆ ಹೋಗಿ, ಅಲ್ಲಿ ಕುಡಿದು, ಬರುವಾಗ ಆಡಿನ ಹಿಂಡು ತಪ್ಪಿಸಲು ಹೋಗಿ ಹೀಗಾಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಪೊಲೀಸರು ಬಂದು ಮಷಿನ್ ಊದಿಸಿ ಕೇಸು ಹಾಕಿದ್ದರು. ಮುಂದೆ ಕೋರ್ಟಿನಲ್ಲಿ ದಂಡವಾಯಿತು, ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಅದು ಸರಕಾರದ ಕೆಲಸ. ನಮ್ಮ ಕೆಲಸ ಬೇರೆ ಇತ್ತು.

ಮೂರು ದಿನದ ನಂತರ ನನ್ನ ಖೋಲಿಯಲ್ಲೇ ವಿಚಾರಣೆ ಕೂಡಿತು. ಸಂಸ್ಥೆಯ ಅಧ್ಯಕ್ಷರು, ಎಪ್ಪತ್ತು ದಾಟಿದವರು, ಮಾತು ಕಡಿಮೆ. ಕಾರ್ಯದರ್ಶಿಗಳು ವೃತ್ತಿಯಿಂದ ವಕೀಲರು. ಮೂರನೆಯವಳು ನಾನು. ವಕೀಲರು ಕಾಗದವನ್ನು ಮೊದಲೇ ಟೈಪ್ ಮಾಡಿಸಿ ತಂದಿದ್ದರು. ರಜೆಯ ದಿನ, ಸ್ವಂತ ಕೆಲಸ, ಗಾಡಿಯಲ್ಲಿ ಮಕ್ಕಳಿರಲಿಲ್ಲ, ಇದು ಮೊದಲ ತಪ್ಪು, ಆದ್ದರಿಂದ ಎಚ್ಚರಿಕೆ ಕೊಟ್ಟು ಬಿಡಲಾಗಿದೆ.

"ಮುಂದಿನ ತಿಂಗಳ ರಾಜ್ಯ ಮಟ್ಟದ ರೇಸ್ ಐತಿ," ಎಂದರು ವಕೀಲರು. "ಹುಡುಗ್ಯಾರು ವರ್ಷಗಟ್ಟಲೆ ಬೆವರ ಸುರಿಸ್ಯಾರ. ಒಬ್ಬರ ತಪ್ಪಿಗೆ ಅವರಿಗ್ಯಾಕ ಶಿಕ್ಷಾ? ಇದಕ್ಕ ಸಹಿ ಮಾಡಿ ಮುಗಸೋಣ."

ನನಗೂ ಅದು ಸರಿಯೆನಿಸಿತ್ತು. ನನ್ನ ಕಣ್ಣು ಗಾಜಿನ ಕಪಾಟಿನ ಕಡೆಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತರು. ಮೊದಲ ದಿನ ಎಲ್ಲರಿಗಿಂತ ಮುಂದಿದ್ದ ಆ ಹುಡುಗಿಯ ತಾಯಿ. ಊರಲ್ಲಿ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದವರು. ಬುರ್ಖಾದ ಮೇಲೆ ಅಲ್ಲಲ್ಲಿ ನೂಲಿನ ಎಳೆ ಅಂಟಿತ್ತು. ಕೂಡ್ರಿ ಎಂದರೂ ಕೂರಲಿಲ್ಲ.

"ಅವತ್ತ ಗಾಡ್ಯಾಗ ನನ್ನ ಮಗಳಿದ್ಲೇನು ಅಂತ ಕೇಳಾಕ ಬಂದಿಲ್ಲರಿ ಬಾಯಾರ," ಎಂದರು. "ಇರಲಿಲ್ಲಂತ ನಂಗ ಗೊತ್ತೈತಿ. ನಾಳೆ ಅಕಿ ಸೈಕಲ್ ಹಿಂದ ಆ ಗಾಡಿ ಬರೂಮುಂದ ಸರ್ ಹೆಂಗ ಅದಾರ ಅಂತ ಯಾರು ನೋಡ್ತೀರಿ? ಅಷ್ಟ ಹೇಳ್ರಿ."

ಅಧ್ಯಕ್ಷರು, "ಸಂಜಿತನಕ ಟೈಮ್ ಕೊಡ್ರಿ ಅವ್ವಾ. ಹೇಳತೇವಿ," ಎಂದರು. ಆ ತಾಯಿ ಹೊರಗೆ ವರಾಂಡದ ಬೆಂಚಿನ ಮೇಲೆ ಹೋಗಿ ಕುಳಿತರು. ಸಂಜೆಯವರೆಗೂ ಅಲ್ಲೇ ಇದ್ದರು.

ಕೋಚ್ ಅವರನ್ನು ಒಳಗೆ ಕರೆದೆವು. ವಕೀಲರು ಕಾಗದ ಓದಿ ತೋರಿಸಿ, "ಹೌದು ಅಂದ್ರ ಮುಗೀತು, ಸಹಿ ಮಾಡ್ರಿ," ಎಂದರು.

ಕೋಚ್ ಕಾಗದವನ್ನು ಕೈಗೆ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು. ಆಮೇಲೆ ಹೇಳಿದರು: "ಇದರಾಗ ಮೊದಲ ತಪ್ಪು ಅಂತ ಐತ್ರಿ. ಅದು ಖರೇ ಅಲ್ಲ."

ವಕೀಲರು ತಟ್ಟನೆ ಕೈಯೆತ್ತಿದರು. "ಕೇಳಿದ್ದಕ್ಕಷ್ಟ ಹೇಳ್ರಿ."

"ಇಲ್ಲ ಸಾಹೇಬ್ರ, ಹೇಳಬೇಕ್ರಿ. ನಾಲ್ಕ ತಿಂಗಳ ಹಿಂದ, ಒಂದ ಸೋಮವಾರ. ರಾತ್ರಿ ಕುಡದಿದ್ದು ಮುಂಜಾನೆ ಇಳಿದಿರಲಿಲ್ಲ. ಹಂಗ ಜೀಪ್ ತಗೊಂಡು ಮಕ್ಕಳ ಹಿಂದ ಹೋಗೀನಿ. ಇಟ್ಟಂಗಿಹಾಳ ದಾಟಿದ ಮ್ಯಾಲ ಒಂದ ಸಲ ಕಣ್ಣ ಮುಚ್ಚಿ ತೆಗೆದ್ರ ಕಟ್ಟಕಡೀ ಹುಡುಗಿ ಬಂಪರಿಗೆ ಮೊಳ ದೂರದಾಗ ಇದ್ಲು. ಬ್ರೇಕ್ ಹೊಡದೆ. ಅಕಿಗೆ ಗೊತ್ತ ಸೈತ ಆಗಲಿಲ್ಲ. ಯಾರಿಗೂ ಗೊತ್ತಿಲ್ಲ. ನಂಗ ಗೊತ್ತೈತಿ."

ವಕೀಲರು ಚಾಚಿದ ಪೆನ್ನನ್ನು ಅವರು ತೆಗೆದುಕೊಳ್ಳಲಿಲ್ಲ.

ನನ್ನ ಬದುಕಿನಲ್ಲಿ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ. ಸಹಿ ಮಾಡಿ ಪಾರಾಗಬಹುದಾದ ಮನುಷ್ಯ, ಯಾರೂ ಕೇಳದೇ, ಸಾಕ್ಷಿಯೂ ಇಲ್ಲದೇ, ತನ್ನ ಕುತ್ತಿಗೆಗೆ ತಾನೇ ಹಗ್ಗ ತಂದುಕೊಳ್ಳುವುದನ್ನು ಅದೇ ಮೊದಲು ನೋಡಿದ್ದು. ಮೈ ಜುಮ್ಮೆಂದಿತು. ಅದೇ ಹೊತ್ತಿಗೆ ಸಿಟ್ಟೂ ಬಂತು. ಮೊಳ ದೂರದಲ್ಲಿ ಒಂದು ಮಗು! ಸಾಕ್ಷಿ ಇಲ್ಲವೆಂದೂ ಹೇಳುವ ಹಾಗಿರಲಿಲ್ಲ. ಸಾಕ್ಷಿ ನಾನೇ ಆಗಿದ್ದೆ.

"ನನಗೆ ಗೊತ್ತಿತ್ತು," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. "ಆ ಮುಂಜಾನೆ ನನಗೆ ವಾಸನೆ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ತರಬೇತಿ ನಿಲ್ಲುತ್ತಿತ್ತು ಅಂತ ಕೇಳಲಿಲ್ಲ."

ಕೋಚ್ ಅಚ್ಚರಿಯಿಂದ ನನ್ನನ್ನು ನೋಡಿದರು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಧ್ಯಕ್ಷರು ಆ ಕಾಗದವನ್ನು ಕೋಚ್ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿ ವಕೀಲರಿಗೆ ವಾಪಸು ಕೊಟ್ಟರು. "ಇದು ಬರೇ ರವಿವಾರದ್ದು. ಸೋಮವಾರದ್ದು ಬ್ಯಾರೇನ ಬರೀಬೇಕು."

ಕೋಚ್ ಅವರನ್ನು ಹೊರಗೆ ಕಳಿಸಿ ನಾವು ಮೂವರೂ ಎರಡು ತಾಸು ಮಾತಾಡಿದೆವು. ತೆಗೆದುಹಾಕಬೇಕು ಎಂದು ನಾನು ಒಮ್ಮೆ ಹೇಳಿದೆ. ತೆಗೆದರೆ ಬೇರೆ ಯಾವುದೋ ಊರಿಗೆ ಹೋಗಿ, ಏನೂ ಹೇಳದೇ, ಇನ್ನೊಂದು ಗಾಡಿ ಹತ್ತುವುದಿಲ್ಲವೇ ಎಂದು ನಾನೇ ಮರುಕ್ಷಣ ಅಂದೆ. ವಕೀಲರು ಕೇಳಿದ್ದು ಮಾತ್ರ ಇವತ್ತಿಗೂ ನನ್ನನ್ನು ಕಾಡುವ ಪ್ರಶ್ನೆ. "ಖರೇ ಹೇಳಿದವಗ ಹೆಚ್ಚಿನ ಶಿಕ್ಷಾ ಕೊಟ್ರ ನಾಳೆ ಯಾರ ಖರೇ ಹೇಳ್ತಾರ?"

ಅಧ್ಯಕ್ಷರು ಅಂದರು, "ಮಾಡಿದ್ದಕ್ಕ ಶಿಕ್ಷಾ ಆಗ್ಲಿ. ಹೇಳಿದ್ದಕ್ಕ ನೌಕರಿ ಉಳೀಲಿ."

ಆರು ತಿಂಗಳು ಮಕ್ಕಳ ಹತ್ತಿರ ಬರುವಂತಿಲ್ಲ. ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ತೆಗೆದುಕೊಂಡು, ಡಾಕ್ಟರ ಕಾಗದವನ್ನು ತಿಂಗಳಿಗೊಮ್ಮೆ ತರಬೇಕು. ಮರಳಿ ಬಂದಮೇಲೂ ಸಂಸ್ಥೆಯ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟುವಂತಿಲ್ಲ. ಇನ್ನೊಮ್ಮೆಯಾದರೆ ಮಾತೇ ಇಲ್ಲ, ಮನೆಗೆ. ನಡೆದದ್ದೆಲ್ಲವನ್ನೂ, ಸೋಮವಾರದ್ದೂ ಸೇರಿಸಿ, ಪಾಲಕರಿಗೆ ತಿಳಿಸಬೇಕು.

ನನಗೂ ಲಿಖಿತ ಛೀಮಾರಿ ಬಂತು. ಸೇವಾ ಪುಸ್ತಕದಲ್ಲಿ ದಾಖಲಾಯಿತು. ಆಫೀಸಿನಲ್ಲಿ ಕ್ಲಾರ್ಕ್ ರಜೆಯಲ್ಲಿದ್ದ. ಆ ಪತ್ರವನ್ನು ನಾನೇ ಟೈಪ್ ಮಾಡಿದೆ.

ನಾನು ಎದ್ದು ನಿಂತಾಗ ಅಧ್ಯಕ್ಷರು, "ತಡೀರಿ, ಇನ್ನೊಂದು ಉಳಿದೈತಿ," ಎಂದರು. ಕಲಿಸುವವನ ಕೈಗೇ ಕೀಲಿ ಕೊಟ್ಟು, ಬೇರೆ ಡ್ರೈವರನ್ನು ಇಡದೇ ಇದ್ದದ್ದು ಅಧ್ಯಕ್ಷರ ತಪ್ಪು ಎಂದು ತಮ್ಮ ಕೈಯಾರೆ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಆಮೇಲೆ ಹೊರಗೆ ಹೋಗಿ ಆ ತಾಯಿಯ ಪಕ್ಕ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಅಷ್ಟು ವಯಸ್ಸಾದ ಮನುಷ್ಯ ಒಬ್ಬ ಪಾಲಕಿಗೆ ತಲೆತಗ್ಗಿಸಿ ಲೆಕ್ಕ ಒಪ್ಪಿಸುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಪಾಲಕರ ಸಭೆ ಶನಿವಾರ. ನಾನು ಓದುತ್ತೇನೆಂದರೂ ಕೋಚ್ ಒಪ್ಪಲಿಲ್ಲ. ತಾವೇ ನಿಂತು ಹೇಳಿದರು. ಯಾರೋ ಬೈದರು. ಒಬ್ಬ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕೊನೆಯ ಪಾಲಕರು ಹೊರಗೆ ಹೋಗುವವರೆಗೂ ಕೋಚ್ ನಿಂತೇ ಇದ್ದರು.

ಇಬ್ಬರು ತಂದೆಯರು ಮಕ್ಕಳನ್ನು ತರಬೇತಿಯಿಂದ ಬಿಡಿಸಿಕೊಂಡರು. ಅವರನ್ನು ತಪ್ಪೆನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಆ ಮಕ್ಕಳಲ್ಲೊಬ್ಬಳು ಕಟ್ಟಕಡೆಗೆ ಓಡಿಸುತ್ತಿದ್ದ ಹುಡುಗಿ. ಸಾಲಿಯ ಸೈಕಲ್ ಮರಳಿಸಲು ಬಂದ ದಿನ ಅದನ್ನು ಚೈನಿನ ಕೊಂಡಿ ಕೊಂಡಿಯೂ ಹೊಳೆಯುವಂತೆ ತೊಳೆದು ತಂದಿದ್ದಳು. ಗೋಡೆಗೆ ಒರಗಿಸಿ, ಸೀಟನ್ನು ಒಮ್ಮೆ ಮುಟ್ಟಿ, ತಂದೆಯ ಹಿಂದೆ ನಡೆದುಹೋದಳು. ಮತ್ತೆ ಸೈಕಲ್ ಹತ್ತಲಿಲ್ಲ ಎಂದು ಕೇಳಿದೆ. ಆ ವರ್ಷ ರಾಜ್ಯ ಮಟ್ಟದಲ್ಲಿ ನಮಗೆ ಒಂದೂ ಪದಕ ಬರಲಿಲ್ಲ.

ಕೋಚ್ ಪ್ರತಿ ತಿಂಗಳು ಕಾಗದ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನಾನು ಹೆಚ್ಚು ಮಾತಾಡಿಸುತ್ತಿರಲಿಲ್ಲ. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅವರ ಮೇಲಿನದೂ, ನನ್ನ ಮೇಲಿನದೂ. ಆ ನಡುವೆ ದ್ರಾಕ್ಷಿ ತೋಟದ ರೈತ ಒಂದು ದಿನ ಸಾಲಿಗೆ ಬಂದರು. ತಕರಾರು ತಂದಿದ್ದಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ. ಕೋಚ್ ವಾರಗಟ್ಟಲೆ ಬಸ್ಸಿನಲ್ಲಿ ಬಂದು ಬಿದ್ದ ಕಂಬಗಳನ್ನು ತಾವೇ ನಿಲ್ಲಿಸಿ, ತಂತಿ ಬಿಗಿದು, ಬಳ್ಳಿಗಳನ್ನು ಕಟ್ಟಿಕೊಟ್ಟಿದ್ದರಂತೆ. "ನಾ ಕರದಿದ್ದಿಲ್ಲರಿ," ಎಂದರು ರೈತ. "ಬ್ಯಾಡಂದ್ರೂ ಬರ್ತಿದ್ರು."

ಆರು ತಿಂಗಳು ಮುಗಿದ ಮೇಲೆ ಮೊದಲ ಬೆಳಗು ನಾನೂ ಹೋದೆ. ಹೊಸ ಡ್ರೈವರ್ ಮಷಿನ್ ಊದಿ ತೋರಿಸಿದ ಮೇಲೆಯೇ ಕೀಲಿ ಕೊಡುವ ನಿಯಮವಾಗಿತ್ತು. ಕೋಚ್ ಜೀಪು ಹತ್ತಲಿಲ್ಲ. ಒಂದು ಸೈಕಲ್ ತಂದಿದ್ದರು.

ಅವರು ಸೈಕಲ್ ಹೊಡೆಯುವುದನ್ನು ನಮ್ಮಲ್ಲಿ ಯಾರೂ ನೋಡಿರಲೇ ಇಲ್ಲ. ಇಟ್ಟಂಗಿಹಾಳದ ಆಚೆ ಎದುರು ಗಾಳಿ ಶುರುವಾಯಿತು, ಬಯಲಲ್ಲಿ ತಡೆಯಲು ಒಂದು ಗಿಡವೂ ಇಲ್ಲದ ಗಾಳಿ. ಹುಡುಗಿಯರ ವೇಗ ಇಳಿಯಿತು. ಹಿಂದಿದ್ದ ಕೋಚ್ ಒಬ್ಬೊಬ್ಬಳನ್ನೇ ದಾಟಿ ಮುಂದೆ ಬಂದರು. ಬೆನ್ನು ಬಾಗಿಸಿ ಗಾಳಿಯನ್ನು ತಮ್ಮ ಮೇಲೆ ತೆಗೆದುಕೊಂಡರು. ಅವರ ಹಿಂದೆ ಹತ್ತೂ ಹುಡುಗಿಯರು ಒಂದೇ ಗೆರೆಯಾದರು. ಜೀಪಿನ ಮುಳ್ಳು ಮತ್ತೆ ಏರತೊಡಗಿತು. ತಿಕೋಟಾದವರೆಗೆ ಅವರು ಮುಂದಿನ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಲವತ್ತು ದಾಟಿದ ದೇಹ, ಆರು ತಿಂಗಳು ಔಷಧಿ ತಿಂದ ದೇಹ! ಡ್ರೈವರ್ ತನ್ನಷ್ಟಕ್ಕೆ ತಾನೇ, "ಯಪ್ಪಾ, ಇವರ ಕಾಲಾಗ ಏನೈತ್ರಿ?" ಎಂದ.

ಮೂರು ವರ್ಷಗಳ ನಂತರ ಅವರು ಬೇರೆ ಜಿಲ್ಲೆಯ ಒಂದು ದೊಡ್ಡ ಸಂಸ್ಥೆಗೆ ಅರ್ಜಿ ಹಾಕಿದರು. ಅಲ್ಲಿಯ ಪ್ರಿನ್ಸಿಪಾಲರು ನನಗೆ ಫೋನ್ ಮಾಡಿದರು. ಕೆಲಸ ಹೇಗೆ, ಮಕ್ಕಳ ಜೊತೆ ಹೇಗೆ ಎಂದೆಲ್ಲ ಕೇಳಿ, ಕೊನೆಗೆ, "ಅವರ ಮ್ಯಾಲ ಹಿಂದ ಏನರ ಕ್ರಮ ಆಗಿತ್ತೇನ್ರಿ?" ಎಂದರು.

ಆ ಮೂರು ವರ್ಷ ಅವರು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ನನ್ನ ಒಂದು ಮಾತಿಗೆ ಅವರ ಕೆಲಸ ಹೋಗಬಹುದಿತ್ತು. ಆದರೆ ಅಲ್ಲಿಯೂ ಮಕ್ಕಳಿದ್ದರು. ರವಿವಾರದ್ದು, ಸೋಮವಾರದ್ದು, ನನ್ನದು, ಆಮೇಲಿನದು, ಎಲ್ಲವನ್ನೂ ಬಿಡದೇ ಹೇಳಿದೆ.

ಪ್ರಿನ್ಸಿಪಾಲರು ಪೂರ್ತಿ ಕೇಳಿಸಿಕೊಂಡು, "ಅರ್ಜಿಯ ಮೊದಲನೇ ಪುಟದಾಗ ಇದನ್ನೆಲ್ಲ ಅವರ ಬರದಾರ್ರಿ ಬಾಯಾರ," ಎಂದರು. "ನಿಮ್ಮ ಛೀಮಾರಿ ಒಂದು ಬಿಟ್ಟು. ಅದನ್ನ ಬರದಿಲ್ಲ."

ಕೆಲಸ ಅವರಿಗೇ ಸಿಕ್ಕಿತು.