ದೊಡ್ಡಪ್ಪನ ಅಂಬಲಿ

ಅದು ಎಪ್ಪತ್ತೊಂದರ ಯುದ್ಧದ ಕಾಲ. ನಮ್ಮ ದುದ್ದದ ಕಡೆ ಆಗ ಮುದ್ದೆಯನ್ನು ಅಗಿಯುವವನಿಗೆ ಮರ್ಯಾದೆ ಇರಲಿಲ್ಲ. ಮುರಿದು, ಬಸ್ಸಾರಿನಲ್ಲಿ ಅದ್ದಿ, ಹಾಗೇ ನುಂಗಬೇಕು. ನಾನು ಹಲ್ಲಾಡಿಸಿದರೆ ಪಕ್ಕದಲ್ಲಿ ಕೂತ ದೊಡ್ಡಪ್ಪ ತಲೆಗೆ ಮೊಟಕುತ್ತಿದ್ದ.

“ದನ ಏನ್ಲಾ ನೀನು, ಮೆಲುಕಾಕಕ್ಕೆ? ನುಂಗ್ಲಾ!”

ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ಬೆಳ್ಳುಳ್ಳಿಯ ಘಮದ ಜೊತೆಗೆ ಅವನ ಮೇಲಿನ ಸಿಟ್ಟೂ ನನ್ನೊಳಗೆ ಇಳಿಯುತ್ತಿತ್ತು.

ಆಮೇಲೆ ಅವನ ಗಂಟಲಲ್ಲಿ ಹುಣ್ಣಾಯಿತು. ಅದು ಕ್ಯಾನ್ಸರ್ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮದರಾಸಿನಲ್ಲಿ ಕುಯ್ದು, ಎದೆಯ ಚರ್ಮ ತೆಗೆದು ಗಂಟಲಿಗೆ ಹೊಲಿದರಂತೆ. ಆಲೆಮನೆಗಳ ಬೆಲ್ಲದ ವಾಸನೆ ಊರೆಲ್ಲ ಹಬ್ಬಿದ್ದಾಗ ಅವನು ಹಿಂತಿರುಗಿದ. ಆಳು ಅರ್ಧ ಆಗಿದ್ದ. ದನಿಯಲ್ಲಿ ಬರೀ ಗಾಳಿ. ಸಾಲಿನಲ್ಲಿ ಕೂರದೆ, ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಗಲ್ಲವನ್ನು ಎದೆಗೆ ಒತ್ತಿಕೊಂಡು ಅಂಬಲಿ ನುಂಗುತ್ತಿದ್ದ. ಗುಟುಕು ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಬಲಿ ಗಟ್ಟಿಯಾಗಿರಬೇಕು, ತೆಳ್ಳಗಾದರೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವ್ವ ಅದನ್ನು ನನಗೆ ದಿನವೂ ಹೇಳುತ್ತಿದ್ದಳು.

ಬಟ್ಟಲು ಒಯ್ಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಬುಗುರಿ ಆಡುತ್ತಿದ್ದವನನ್ನು ಅವ್ವ ಅದಕ್ಕೇ ಕೂಗಿದಳು. ಉರಿದುಹೋಯಿತು. ಹಂಡೆಯಿಂದ ಮೊಗೆದು ಅಂಬಲಿಗೆ ನೀರು ಸುರಿದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಅವನ ಮುಂದೆ ಬಟ್ಟಲು ಕುಕ್ಕಿ, “ನುಂಗ್ಲಾ” ಎಂದೆ.

ಅವನು ಬಟ್ಟಲು ಅಲುಗಿಸಿ ನೋಡಿದ. ನನ್ನ ಮುಖ ನೋಡಿದ. ಹಸಿವು ತಡೆಯಲಿಲ್ಲವೋ ಏನೋ, ಕುಡಿದ.

ಕೆಮ್ಮು ಹತ್ತಿತು. ಅಂಬಲಿ ಮೂಗಿನಲ್ಲಿ ಬಂತು. ಮುಖ ಕಪ್ಪಿಟ್ಟಿತು. ಅವ್ವ ಓಡಿಬಂದು ಬೆನ್ನು ತಟ್ಟಿದಳು.

“ಏನಾಯ್ತು ಬಾವ? ಏನ್ ತಂದ್ಕೊಟ್ಯೋ, ಮುಂಡೇದೇ?”

ಉಸಿರು ಸಿಕ್ಕ ಮೇಲೆ ಅವನೇ ಅಂದ: “ಮಗೀಗೆ ಬೈಬ್ಯಾಡ ಕಣವ್ವ. ಬಾಯಾರ್ತು, ನಾನೇ ನೀರ್ ಬೆರೆಸ್ಕಂಡೆ, ಬುಡು.”

ಆಗಲಾದರೂ ನನಗೆ ಕರುಣೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನನ್ನನ್ನು ಕಾಪಾಡಿದ್ದಕ್ಕೆ ಅವನ ಮೇಲೆ ಹಗೆ ಇನ್ನೂ ಹೆಚ್ಚಾಯಿತು.

ಅಂದು ಹಿಡಿದ ಜ್ವರ ಬಿಡಲಿಲ್ಲ. ನಾನು ಒಯ್ದ ಬಟ್ಟಲನ್ನು ಅವನು ಮುಟ್ಟುತ್ತಿರಲಿಲ್ಲ. ಅವ್ವ ಬರುವ ತನಕ ಹಸಿದು ಕಾಯುತ್ತಿದ್ದ. ಕಬ್ಬಿನ ಕಟಾವು ಮುಗಿಯುವ ಮುಂಚೆಯೇ ಹೋದ. ಹುಣ್ಣೇ ತಿಂತು ಎಂದರು ಊರವರು.

ನೀರು ಸುರಿದದ್ದು ನಾನೇ ಎಂದು ಅವ್ವ ಇರುವ ತನಕ ಹೇಳಬೇಕೆಂದುಕೊಂಡೇ ದಿನ ಕಳೆದೆ. ಈಗ ಆ ಜಗಲಿಯೂ ಇಲ್ಲ, ಸಾಲಾಗಿ ಕೂತು ಉಣ್ಣುವವರೂ ಇಲ್ಲ. ಇದನ್ನು ಓದಿ ನೀವು ಛೀ ಎನ್ನಬಹುದು. ಆದರೆ ನನ್ನನ್ನು ಎಳೆದು ನಿಲ್ಲಿಸಿ ಕೇಳುವ ಹಕ್ಕಿದ್ದವರು ಒಬ್ಬರೂ ಉಳಿದಿಲ್ಲ.